ಮೈಮೇಲೆ ಒಂದು ಹೆಸರು, ಬಾಗಿಲಲ್ಲಿ ಇನ್ನೊಂದು

(ಮಂಜೇಶ್ವರದ ಕಾರ್ಮಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ದಿನ ನಾನು ವಿಮಾನದ ಪೈಲಟುಗಳ ವಿಷಯ ಮಾತನಾಡುತ್ತೇನೆಂದು ಕಾರ್ಯದರ್ಶಿಯವರು ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ನನಗೆ ಕೇಳಿಸಿತು. ನಗುವುದು ಸರಿಯೇ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು, ವಿಮಾನವನ್ನು ಕೆಳಗಿನಿಂದ ನೋಡಿದ್ದೇ ಹೆಚ್ಚು. ಆದರೆ ಈ ವಿಷಯ ನಾನಾಗಿ ಹುಡುಕಿಕೊಂಡು ಹೋದದ್ದಲ್ಲ, ಮನೆಗೇ ಬಂದದ್ದು.

ನನ್ನ ಅಕ್ಕನ ಮಗ ಬಹ್ರೇನಿನ ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರುವ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಬಂದಾಗ ಒಂದು ಸಂಜೆ ಜಗಲಿಯಲ್ಲಿ ಕುಳಿತು ಕೇಳಿದ: "ಮಾವ, ಅಲ್ಲಿ ಪಾರ್ಸೆಲ್ ವಿಮಾನಗಳಿಗೆಲ್ಲ ಹೊರಗೆ ಒಂದೇ ಹಳದಿ ಬಣ್ಣ, ಒಂದೇ ಕೆಂಪು ಅಕ್ಷರ. ಬಾಗಿಲಿನ ಹತ್ತಿರ ಸಣ್ಣಕ್ಷರದಲ್ಲಿ ನೋಡಿದರೆ ಮಾತ್ರ ಒಂದೊಂದರಲ್ಲಿ ಒಂದೊಂದು ಕಂಪನಿಯ ಹೆಸರು. ಪೈಲಟುಗಳೂ ಒಂದೊಂದು ದೇಶದವರು. ಇವರೆಲ್ಲ ಯಾರ ಆಳುಗಳು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಅದು ಎಲ್ಲೋ ಕೇಳಿದ ಪ್ರಶ್ನೆ ಎನ್ನಿಸಿತು. ಬೀಡಿ ಕಟ್ಟುವ ಮನೆಯಲ್ಲಿ ಬೆಳೆದ ಯಾರಿಗಾದರೂ ಹಾಗೆ ಅನ್ನಿಸೀತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ವಿಮಾನದ ಕಾನೂನು.

ಕ್ಯಾಬೊಟಾಜ್ ಎಂಬ ಒಂದು ಶಬ್ದವಿದೆ. ಫ್ರೆಂಚ್ ಭಾಷೆಯದು, ಹಡಗಿನವರಿಂದ ಬಂದದ್ದು. ಕರಾವಳಿಯ ಉದ್ದಕ್ಕೆ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸರಕು ಸಾಗಿಸುವುದು ಎಂದು ಮೂಲ ಅರ್ಥ. ನಮ್ಮ ಅಜ್ಜಂದಿರ ಕಾಲದಲ್ಲಿ ಮಂಗಳೂರಿನ ಹಂಚು ಹೇರಿಕೊಂಡು ಬೊಂಬಾಯಿಗೆ ಹೋಗುತ್ತಿದ್ದ ಮಂಜಿಗಳು ಮಾಡುತ್ತಿದ್ದುದು ಇದನ್ನೇ. ಒಂದು ದೇಶದ ಒಳಗಿನ ಈ ಸಾಗಾಟವನ್ನು ಆ ದೇಶದವರೇ ಮಾಡಬೇಕು, ಹೊರಗಿನ ಹಡಗು ಬಂದು ಮಾಡಕೂಡದು ಎಂದು ಅನೇಕ ದೇಶಗಳು ಕಾನೂನು ಮಾಡಿಕೊಂಡವು. ಅಮೆರಿಕ 1920ರಲ್ಲಿ ಹಡಗುಗಳಿಗಾಗಿ ಮಾಡಿದ ಅಂಥ ಕಾಯಿದೆ ಇಂದಿಗೂ ಇದೆ.

ವಿಮಾನಗಳಿಗೂ ಅದೇ ನಿಯಮ ಬಂತು. 1944ನೇ ಇಸವಿ ಡಿಸೆಂಬರ್ 7ರಂದು, ಎರಡನೇ ಮಹಾಯುದ್ಧ ಇನ್ನೂ ಮುಗಿಯುವ ಮೊದಲೇ, ಷಿಕಾಗೋ ನಗರದಲ್ಲಿ ಹಲವು ದೇಶಗಳು ಸೇರಿ ಒಂದು ಒಡಂಬಡಿಕೆಗೆ ಸಹಿ ಹಾಕಿದವು. ಅದರ 7ನೇ ವಿಧಿ ಹೇಳುವುದಿಷ್ಟು: ತನ್ನ ನೆಲದ ಎರಡು ಊರುಗಳ ನಡುವೆ ಬಾಡಿಗೆಗೆ ಜನರನ್ನಾಗಲಿ, ಅಂಚೆಯನ್ನಾಗಲಿ, ಸರಕನ್ನಾಗಲಿ ಒಯ್ಯಲು ಹೊರದೇಶದ ವಿಮಾನಕ್ಕೆ ಅನುಮತಿ ನಿರಾಕರಿಸುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಇದೆ. ದುಬೈಯ ವಿಮಾನ ಬೆಂಗಳೂರಿಗೆ ಬರಬಹುದು, ದೆಹಲಿಗೂ ಬರಬಹುದು. ಬೆಂಗಳೂರಿನಲ್ಲಿ ಸರಕು ಹೇರಿಕೊಂಡು ದೆಹಲಿಯಲ್ಲಿ ಇಳಿಸುವ ವ್ಯಾಪಾರ ಮಾತ್ರ ಅದಕ್ಕಿಲ್ಲ.

ಅಮೆರಿಕದವರು ಇದರ ಮೇಲೆ ಇನ್ನೊಂದು ಬೇಲಿ ಹಾಕಿದ್ದಾರೆ. ಅಮೆರಿಕದ ವಿಮಾನ ಕಂಪನಿ ಎನ್ನಿಸಿಕೊಳ್ಳಬೇಕಾದರೆ ಅದರ ಅಧ್ಯಕ್ಷ ಅಮೆರಿಕದ ಪ್ರಜೆಯಾಗಿರಬೇಕು, ನಿರ್ದೇಶಕರಲ್ಲಿ ಮೂರರಲ್ಲಿ ಎರಡು ಪಾಲು ಪ್ರಜೆಗಳಿರಬೇಕು, ಮತದ ಹಕ್ಕುಳ್ಳ ಷೇರುಗಳಲ್ಲಿ ಶೇಕಡಾ 75 ಪ್ರಜೆಗಳ ಕೈಯಲ್ಲಿರಬೇಕು. ಸಾಲದ್ದಕ್ಕೆ, ಕಾಗದದಲ್ಲಿ ಮಾತ್ರವಲ್ಲದೆ ನಿಜವಾದ ಹಿಡಿತವೂ ಅವರದೇ ಆಗಿರಬೇಕು ಎಂಬ ಮಾತನ್ನು 2003ರಲ್ಲಿ ಕಾಯಿದೆಯಲ್ಲೇ ಬರೆದರು. ಯುದ್ಧ ಬಂದರೆ ಸೇನೆಯ ಸಾಮಾನು ಸಾಗಿಸಲು ಈ ಕಂಪನಿಗಳನ್ನೇ ಕರೆಯುವ ಏರ್ಪಾಡು ಅಲ್ಲಿದೆ. ಆದ್ದರಿಂದ ಈ ಬೇಲಿಯ ಬಗ್ಗೆ ಸರಕಾರಕ್ಕೂ ಕಾಳಜಿ, ಪೈಲಟುಗಳ ಸಂಘಕ್ಕೂ ಕಾಳಜಿ. ಅದೇ 2003ರ ಕಾಯಿದೆಯಲ್ಲಿ ಅಲಾಸ್ಕದಲ್ಲಿ ಮಾತ್ರ ಹೊರದೇಶದ ಸರಕು ವಿಮಾನಗಳಿಗೆ ಒಂದು ಕಿಂಡಿ ಬಿಟ್ಟರು. ಅದು ಬೇರೆ ಕತೆ, ಇವತ್ತು ಬೇಡ.

ಇಷ್ಟು ಗಟ್ಟಿ ಬೇಲಿ ಇದ್ದರೆ ಅದರ ಒಳಗಿನ ಪೈಲಟಿನ ಕೆಲಸ ಭದ್ರ ಎಂದು ನಾನೂ ತಿಳಿದಿದ್ದೆ. ಹಾಗಲ್ಲ ಎಂಬುದನ್ನು ತಿಳಿಯಬೇಕಾದರೆ ವಿಲ್ಮಿಂಗ್‌ಟನ್ ಎಂಬ ಊರಿನ ಸಂಗತಿ ಕೇಳಬೇಕು.

ಓಹಿಯೊ ರಾಜ್ಯದಲ್ಲಿ ಅದೊಂದು ಚಿಕ್ಕ ಊರು, ಹನ್ನೆರಡು ಸಾವಿರ ಜನ ಇರಬಹುದು. ಸುತ್ತಲೂ ಜೋಳದ ಹೊಲ. ಹಿಂದೆ ಅಲ್ಲಿ ವಾಯುಸೇನೆಯ ನೆಲೆ ಇತ್ತು. ಸೇನೆ ಬಿಟ್ಟುಹೋದ ಮೇಲೆ 1980ರಲ್ಲಿ ಏರ್‌ಬೋರ್ನ್ ಎಂಬ ಪಾರ್ಸೆಲ್ ಕಂಪನಿ ಆ ವಿಮಾನ ನಿಲ್ದಾಣವನ್ನೇ ಕೊಂಡುಕೊಂಡಿತು. ಪಾರ್ಸೆಲ್ ವ್ಯಾಪಾರದ ಕ್ರಮ ನಿಮಗೆ ಗೊತ್ತಿರಲಿ: ದೇಶದ ಎಲ್ಲ ಮೂಲೆಗಳಿಂದ ಸಂಜೆ ವಿಮಾನಗಳು ಹೊರಟು ನಡುರಾತ್ರಿ ಒಂದು ಕಡೆ ಸೇರುತ್ತವೆ; ಸಾವಿರಾರು ಜನ ಎರಡು ಮೂರು ತಾಸಿನಲ್ಲಿ ಸಾಮಾನು ಇಳಿಸಿ, ವಿಂಗಡಿಸಿ, ಮತ್ತೆ ಹೇರುತ್ತಾರೆ; ಬೆಳಗಾಗುವುದರೊಳಗೆ ವಿಮಾನಗಳು ತಂತಮ್ಮ ಊರಿಗೆ ವಾಪಸು. ನಮ್ಮ ರೈಲ್ವೆ ಅಂಚೆಯ ವಿಂಗಡಣೆಯನ್ನು ನೋಡಿದವರು ಅದನ್ನೇ ನೂರು ಪಾಲು ದೊಡ್ಡದು ಮಾಡಿಕೊಂಡು ಊಹಿಸಿರಿ. ಆ ಊರಿನಲ್ಲಿ ಒಂದೇ ಮನೆಯ ಗಂಡ, ಹೆಂಡತಿ, ಮಗ ಮೂವರೂ ಆ ರಾತ್ರಿಪಾಳಿಯಲ್ಲಿ ಇರುವುದು ಹೊಸದಲ್ಲ.

2003ರಲ್ಲಿ ಡಿ.ಎಚ್.ಎಲ್. ಕಂಪನಿ ಏರ್‌ಬೋರ್ನನ್ನು ಕೊಂಡಿತು. ಡಿ.ಎಚ್.ಎಲ್. ಹುಟ್ಟಿದ್ದು ಅಮೆರಿಕದಲ್ಲಾದರೂ ಆ ಹೊತ್ತಿಗೆ ಅದು ಜರ್ಮನಿಯ ಅಂಚೆ ಕಂಪನಿಯಾದ ಡಾಯ್ಚೆ ಪೋಸ್ಟಿನ ಸ್ವತ್ತು. ಅಂದರೆ ಹೊರದೇಶದ ಕಂಪನಿ. ಅಮೆರಿಕದ ಒಳಗೆ ಅದು ಲಾರಿ ಓಡಿಸಬಹುದು, ಗೋದಾಮು ಕಟ್ಟಬಹುದು, ವಿಮಾನ ಮಾತ್ರ ಹಾರಿಸುವಂತಿಲ್ಲ. ಆದ್ದರಿಂದ ಏರ್‌ಬೋರ್ನಿನ ನೆಲದ ಮೇಲಿನ ವ್ಯವಹಾರವನ್ನು ಡಿ.ಎಚ್.ಎಲ್. ಇಟ್ಟುಕೊಂಡಿತು, ವಿಮಾನಗಳನ್ನೂ ಪೈಲಟುಗಳನ್ನೂ ಎ.ಬಿ.ಎಕ್ಸ್. ಏರ್ ಎಂಬ ಪ್ರತ್ಯೇಕ ಅಮೆರಿಕನ್ ಕಂಪನಿಯಾಗಿ ಹೊರಗೆ ಬಿಟ್ಟಿತು. ಡಿ.ಎಚ್.ಎಲ್.ನ ಹಳೆಯ ಅಮೆರಿಕನ್ ವಿಮಾನ ಶಾಖೆಯೂ ಅದೇ ವರ್ಷ ಅಮೆರಿಕದವರ ಕೈಗೆ ಹೋಗಿ ಆಸ್ಟಾರ್ ಎಂದು ಹೆಸರು ಬದಲಾಯಿಸಿಕೊಂಡಿತು. ಎರಡೂ ಕಂಪನಿಗಳು ಡಿ.ಎಚ್.ಎಲ್.ನ ಪಾರ್ಸೆಲನ್ನೇ ಹಾರಿಸುತ್ತಿದ್ದವು.

ಇದರ ಮೇಲೆ ದೊಡ್ಡ ವ್ಯಾಜ್ಯವಾಯಿತು. ಆಸ್ಟಾರಿನ ಬಹುಪಾಲು ಆದಾಯ ಬರುವುದು ಡಿ.ಎಚ್.ಎಲ್.ನಿಂದ, ಹಾಗಿದ್ದ ಮೇಲೆ ಅದು ಅಮೆರಿಕದ ಕಂಪನಿ ಹೇಗಾದೀತು ಎಂದು ಎದುರಾಳಿಗಳಾದ ಫೆಡೆಕ್ಸ್ ಮತ್ತು ಯು.ಪಿ.ಎಸ್. ಸರಕಾರದ ಮುಂದೆ ವಾದಿಸಿದವು. ಅವರು ವಾದಿಸಿದ್ದು ಕಾರ್ಮಿಕರ ಮೇಲಿನ ಮಮತೆಯಿಂದಲ್ಲ, ಅದು ಬೇರೆ ಮಾತು. 2004ರಲ್ಲಿ ಸಾರಿಗೆ ಇಲಾಖೆ ಆಸ್ಟಾರ್ ಅಮೆರಿಕದ್ದೇ ಎಂದು ತೀರ್ಮಾನಿಸಿತು. ಕಾನೂನಿಗೆ ಸಮಾಧಾನವಾಯಿತು. ವಿಮಾನ ಅಮೆರಿಕದ್ದು, ಪೈಲಟು ಅಮೆರಿಕದವನು, ಬೇಲಿ ಭದ್ರ.

ಬೇಲಿ ಭದ್ರವಾಗಿದ್ದಾಗಲೇ ಹೊಲ ಬರಿದಾಯಿತು ನೋಡಿ. ಅಮೆರಿಕದ ವ್ಯವಹಾರದಲ್ಲಿ ಡಿ.ಎಚ್.ಎಲ್.ಗೆ ವರ್ಷಕ್ಕೆ 100 ಕೋಟಿ ಡಾಲರಿಗೂ ಮೇಲೆ ನಷ್ಟ ಬರತೊಡಗಿತ್ತು. 2008ರ ಮೇ ತಿಂಗಳಲ್ಲಿ ಅದು ಒಂದು ಪ್ರಕಟಣೆ ಕೊಟ್ಟಿತು: ಇನ್ನು ಮುಂದೆ ನಮ್ಮ ಪಾರ್ಸೆಲನ್ನು ಅಮೆರಿಕದೊಳಗೆ ಯು.ಪಿ.ಎಸ್. ವಿಮಾನದಲ್ಲಿ ಕಳುಹಿಸುವ ಯೋಚನೆ ಇದೆ. ನಿನ್ನೆಯವರೆಗೆ ಆಸ್ಟಾರಿನ ಮೇಲೆ ದೂರು ಹೇಳುತ್ತಿದ್ದ ಅದೇ ಯು.ಪಿ.ಎಸ್.! ಆ ಒಪ್ಪಂದ ಕಡೆಗೆ ಆಗಲೇ ಇಲ್ಲ. ಅದಕ್ಕೂ ಮೊದಲೇ, ನವೆಂಬರ್ 10ರಂದು, ಅಮೆರಿಕದ ಒಳಗಿನ ಪಾರ್ಸೆಲ್ ಸೇವೆಯನ್ನೇ 2009ರ ಜನವರಿ ಕೊನೆಗೆ ನಿಲ್ಲಿಸುತ್ತೇವೆ, ಇನ್ನೂ 9,500 ಉದ್ಯೋಗ ಹೋಗುತ್ತದೆ ಎಂದು ಡಿ.ಎಚ್.ಎಲ್. ಸಾರಿತು. ವಿಲ್ಮಿಂಗ್‌ಟನ್ ಒಂದರಲ್ಲೇ ಆ ನಿಲ್ದಾಣವನ್ನು ನಂಬಿದ್ದವರು ಏಳೆಂಟು ಸಾವಿರ ಜನ. ಹೊರದೇಶಗಳಿಂದ ಬರುವ ಪಾರ್ಸೆಲಿನ ವ್ಯವಹಾರ ಉಳಿಯಿತು, ಆದರೆ ಅದರ ಕೇಂದ್ರವೂ 2009ರಲ್ಲಿ ಸಿನ್ಸಿನಾಟಿಯ ಕಡೆಗೆ ಹೋಯಿತು. ಎ.ಬಿ.ಎಕ್ಸ್. ಸಣ್ಣದಾಗಿ ಉಳಿದುಕೊಂಡಿತು. ಆಸ್ಟಾರ್ 2012ರಲ್ಲಿ ಮುಚ್ಚಿತು.

ಇಲ್ಲಿ ಒಂದನ್ನು ಗಮನಿಸಬೇಕು. ಈ ಪೈಲಟುಗಳ ಕೆಲಸವನ್ನು ಜರ್ಮನ್ ಪೈಲಟು ಬಂದು ಕಸಿದುಕೊಳ್ಳಲಿಲ್ಲ. ಕಾನೂನು ಅದನ್ನು ತಡೆದಿತ್ತು, ಕೊನೆಯವರೆಗೂ ತಡೆಯಿತು. ಆದರೆ ಪಾರ್ಸೆಲ್ ಯಾರದೋ, ಸಂಬಳದ ಚೀಟಿ ಬರೆಯುವವನು ಇನ್ನು ಯಾರೋ. ಪಾರ್ಸೆಲಿನವನು ಬೇಡ ಎಂದ ದಿನ, ಚೀಟಿ ಬರೆಯುವವನು ಕೈಚೆಲ್ಲಿ ನಿಂತ. ಕೆಲಸ ತೆಗೆದವನು ಧಣಿಯಲ್ಲ, ಧಣಿಯಾದವನ ಕೈಯಲ್ಲಿ ಕೆಲಸವಿಲ್ಲ.

ಈಗ ಬೀಡಿಗೆ ಬರುತ್ತೇನೆ.

ಇಲ್ಲಿ ಕುಳಿತ ಹಿರಿಯರಿಗೆ 1968 ನೆನಪಿರಬಹುದು. ಆಗ ನಮ್ಮ ಕಾಸರಗೋಡು ಕಣ್ಣೂರು ಜಿಲ್ಲೆಯೊಳಗೇ ಇತ್ತು. ಬೇರೆ ಜಿಲ್ಲೆಯಾದದ್ದು 1984ರಲ್ಲಿ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಕೇಂದ್ರ ಸರಕಾರ 1966ರಲ್ಲಿ ಮಾಡಿತ್ತು. ರಜೆ ಕೊಡಬೇಕು, ಕೆಲಸದ ಹೊತ್ತು ಗೊತ್ತುಮಾಡಬೇಕು, ಕಂಟ್ರಾಕ್ಟರನ ಹಿಂದೆ ಅಡಗಿಕೊಳ್ಳದೆ ಕಂಪನಿಯೇ ಧಣಿ ಎಂದು ಒಪ್ಪಬೇಕು, ಇಂಥ ಮಾತುಗಳೆಲ್ಲ ಅದರಲ್ಲಿದ್ದವು. ಕೇರಳ ಸರಕಾರ ಅದನ್ನು ಜಾರಿಗೆ ತರಲು ಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಕಣ್ಣೂರು ಕಡೆಯ ತಮ್ಮ ಬ್ರಾಂಚುಗಳಿಗೆ ಬೀಗ ಹಾಕಿದವು. ಸುಮಾರು 12 ಸಾವಿರ ಕಾರ್ಮಿಕರು ಬೀದಿಗೆ ಬಿದ್ದರು. ಕೆಲಸ ಎಲ್ಲಿಗೆ ಹೋಯಿತು? ಗಡಿ ದಾಟಿ, ಆಗಿನ ಮೈಸೂರು ರಾಜ್ಯಕ್ಕೆ, ಕಂಟ್ರಾಕ್ಟರುಗಳ ಮುಖಾಂತರ ಹೆಂಗಸರ ಮನೆಯ ಮೊರಕ್ಕೆ. ಅದೇ ಎಲೆ, ಅದೇ ಹೊಗೆಸೊಪ್ಪು, ಅದೇ ಲೇಬಲು. ಕಟ್ಟುವ ಕೈ ಮಾತ್ರ ಬೇರೆ. ಕೆಲಸ ಹೋದವರು 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿಕೊಂಡದ್ದು ನಿಮಗೆಲ್ಲ ಗೊತ್ತು.

ನನ್ನ ತಾಯಿಯೂ ಬೀಡಿ ಕಟ್ಟಿದವರು. ಸಂಜೆ ಬೀಡಿ ಕೊಡಲು ಅವರೊಡನೆ ನಾನೂ ಬ್ರಾಂಚಿಗೆ ಹೋಗುತ್ತಿದ್ದೆ. ಕಂಟ್ರಾಕ್ಟರ್ ಒಂದೊಂದು ಕಟ್ಟನ್ನೂ ಒತ್ತಿ ನೋಡಿ, ಒಂದಿಷ್ಟನ್ನು ಹಾಳೆಂದು ಬದಿಗೆ ತಳ್ಳುತ್ತಿದ್ದ. ಹಾಳೆಂದು ತಳ್ಳಿದ ಬೀಡಿಗೆ ಮಜೂರಿ ಇಲ್ಲ, ಅದು ವಾಪಸೂ ಇಲ್ಲ. ಅಮ್ಮ ಒಮ್ಮೆ ಧೈರ್ಯಮಾಡಿ ಕೇಳಿದರು. ಅವನು ಹೇಳಿದ: "ನಾನೇನು ಮಾಡಲಿ ಅಕ್ಕಾ, ಕಂಪನಿಯವರು ಹೇಳಿದ್ದು." ಮತ್ತೊಮ್ಮೆ ಪೇಟೆಗೆ ಹೋದಾಗ ಕಂಪನಿಯ ಗುಮಾಸ್ತರನ್ನೇ ಕಂಡು ಕೇಳಿದರು. ಅವರು ಹೇಳಿದರು: "ನೀವು ನಮ್ಮ ಕಾರ್ಮಿಕರಲ್ಲವಲ್ಲ, ಕಂಟ್ರಾಕ್ಟರನ್ನು ಕೇಳಿ." ಅಕ್ಕನ ಮಗ "ಇವರೆಲ್ಲ ಯಾರ ಆಳುಗಳು" ಎಂದು ಕೇಳಿದಾಗ ನನ್ನ ಕಿವಿಯಲ್ಲಿ ಕೇಳಿಸಿದ್ದು ಆ ಎರಡು ಮಾತು.

ಬೀಡಿ ಕಟ್ಟುವವಳಿಗೂ ದೊಡ್ಡ ಜೆಟ್ ಹಾರಿಸುವ ಕ್ಯಾಪ್ಟನನಿಗೂ ಸಂಬಳದಲ್ಲಿ ಎಷ್ಟು ಅಂತರವೆಂದು ನನಗೂ ಗೊತ್ತು. ಇಬ್ಬರೂ ಒಂದೇ ಎಂದು ನಾನು ಹೇಳುವುದಿಲ್ಲ. ಅವನಿಗೆ ಕೆಲಸ ಹೋದರೆ ಮನೆ ಮಾರಬೇಕಾದೀತು, ನಮ್ಮವಳಿಗೆ ಅಂದಿನ ಅಕ್ಕಿಗೇ ತತ್ವಾರ. ಆದರೆ ಇಬ್ಬರನ್ನೂ ಕೈಬಿಡುವ ಯಂತ್ರ ಒಂದೇ ಮಾದರಿಯದು.

ಆ ಯಂತ್ರಕ್ಕೆ ವಿಮಾನದವರ ಭಾಷೆಯಲ್ಲಿ ವೆಟ್ ಲೀಸ್ ಎನ್ನುತ್ತಾರೆ. ನಮ್ಮ ಲಾರಿಯವರಿಗೆ ಇದು ಬೇಗ ತಿಳಿಯುತ್ತದೆ. ಲಾರಿ ಅವನದು, ಡ್ರೈವರ್ ಅವನವನು, ರಿಪೇರಿ ಅವನದು, ವಿಮೆ ಅವನದು. ಡೀಸೆಲ್ ಮತ್ತು ಲೋಡು ಮಾತ್ರ ನಿನ್ನದು. ಓಡಿದ ತಾಸಿಗೆ ಇಷ್ಟು ಎಂದು ಬಾಡಿಗೆ. ಮೈಮೇಲೆ ನಿನ್ನ ಹೆಸರನ್ನು ಬರೆಸಿಕೊಳ್ಳಬಹುದು. ವ್ಯಾಪಾರ ಹೆಚ್ಚಾದಾಗ ಕರೆ, ಇಳಿದಾಗ ಬಿಡು. ವಿಮಾನ ಖಾಲಿ ನಿಂತರೆ ನಷ್ಟ ಬಾಡಿಗೆಯವನದು, ಅವನ ಮೂಲಕ ಪೈಲಟಿನದು. ಎಲ್ಲ ವೆಟ್ ಲೀಸೂ ಮೋಸವೆಂದು ನಾನು ಹೇಳಲಾರೆ. ಹಬ್ಬದ ತಿಂಗಳಲ್ಲಿ ಹೆಚ್ಚು ಲೋಡು ಬಂದಾಗ ಎರಡು ಲಾರಿ ಬಾಡಿಗೆಗೆ ತರುವುದು ನ್ಯಾಯವೇ. ಸ್ವಂತ ಲಾರಿಗಳನ್ನೆಲ್ಲ ಶೆಡ್ಡಿಗೆ ಹಾಕಿ ಬಾಡಿಗೆಯವನ್ನೇ ಓಡಿಸಿದರೆ ಆಗ ಕೇಳಬೇಕಾಗುತ್ತದೆ.

ಕಾನೂನೇ ಹೊರಗುತ್ತಿಗೆಯನ್ನು ಹುಟ್ಟಿಸುವುದೂ ಉಂಟು. ಯುರೋಪಿನಲ್ಲಿ ಇದು ಕನ್ನಡಿಯೊಳಗಿನ ಬಿಂಬದ ಹಾಗೆ ನಡೆಯಿತು. ಯುರೋಪಿನ ಒಕ್ಕೂಟ 1997ರ ಏಪ್ರಿಲಿನಿಂದ ತನ್ನ ಸದಸ್ಯ ದೇಶಗಳ ನಡುವೆ ಕ್ಯಾಬೊಟಾಜ್ ಬೇಲಿಯನ್ನು ಕಿತ್ತುಹಾಕಿತು. ಐರ್ಲೆಂಡಿನ ಕಂಪನಿ ಫ್ರಾನ್ಸಿನ ಒಳಗೂ ಸರಕು ಹಾರಿಸಬಹುದು. ಆದರೆ ಒಕ್ಕೂಟದ ಸುತ್ತ ಬೇಲಿ ಉಳಿಯಿತು: ಅಲ್ಲಿನ ವಿಮಾನ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಒಡೆತನ ಯುರೋಪಿನವರದೇ ಆಗಿರಬೇಕು. 2016ರಲ್ಲಿ ಅಮೆರಿಕದ ಫೆಡೆಕ್ಸ್ ಕಂಪನಿ ಟಿ.ಎನ್.ಟಿ. ಎಂಬ ಯುರೋಪಿನ ಪಾರ್ಸೆಲ್ ಕಂಪನಿಯನ್ನು ಕೊಂಡಾಗ ಅದರ ವಿಮಾನ ಶಾಖೆಗಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಬೆಲ್ಜಿಯಮ್ಮಿನ ಲೀಜ್ ಊರಿನ ಟಿ.ಎನ್.ಟಿ. ಏರ್‌ವೇಸ್, ಎ.ಎಸ್.ಎಲ್. ಎಂಬ ಐರಿಷ್ ಗುಂಪಿನ ಪಾಲಾಯಿತು. ಅದು ಫೆಡೆಕ್ಸಿನ ಸಾಮಾನನ್ನು ಗುತ್ತಿಗೆಗೆ ಹಾರಿಸತೊಡಗಿತು. ಓಹಿಯೊದಲ್ಲಿ ಜರ್ಮನ್ ಪಾರ್ಸೆಲನ್ನು ಅಮೆರಿಕದ ಗುತ್ತಿಗೆದಾರ ಹಾರಿಸಿದ ಹಾಗೆ ಬೆಲ್ಜಿಯಮ್ಮಿನಲ್ಲಿ ಅಮೆರಿಕದ ಪಾರ್ಸೆಲನ್ನು ಯುರೋಪಿನ ಗುತ್ತಿಗೆದಾರ ಹಾರಿಸಿದ.

ನಮ್ಮ ದೇಶದಲ್ಲೂ ಇಂಥದೇ ವ್ಯವಸ್ಥೆ. ಡಿ.ಎಚ್.ಎಲ್. 2004ರಲ್ಲಿ ಬ್ಲೂ ಡಾರ್ಟ್ ಕಂಪನಿಯ ಬಹುಪಾಲು ಷೇರು ಕೊಂಡಿತು. ಆದರೂ ಬೆಂಗಳೂರು, ಮದ್ರಾಸುಗಳ ನಡುವೆ ರಾತ್ರಿ ಹಾರುವುದು ಭಾರತದ ಪರವಾನಗಿಯುಳ್ಳ ಬ್ಲೂ ಡಾರ್ಟ್ ಏವಿಯೇಷನ್ನಿನ ವಿಮಾನಗಳೇ.

ಇನ್ನು ಪರದೇಶದಲ್ಲಿ ನೆಲೆಯೂರಿದ ಪೈಲಟುಗಳು. 2007ರಲ್ಲಿ ಅಮೆರಿಕ ಮತ್ತು ಯುರೋಪಿನ ಒಕ್ಕೂಟ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರಲ್ಲಿ ಯುರೋಪಿನ ಒಂದೊಂದು ದೇಶವೂ ಬೇರೆ ಬೇರೆ ಲೆಕ್ಕ. ಹಾಗಾಗಿ ಅಮೆರಿಕದ ಸರಕು ವಿಮಾನ ಪ್ಯಾರಿಸಿನಿಂದ ಜರ್ಮನಿಯ ಕೊಲೋನಿಗೆ ಹೋಗಬಹುದು. ಯುರೋಪಿನ ವಿಮಾನ ಮೆಂಫಿಸಿನಿಂದ ಲಾಸ್ ಏಂಜಲೀಸಿಗೆ ಸರಕು ಒಯ್ಯುವಂತಿಲ್ಲ, ಅದು ಒಂದೇ ದೇಶ! ಇದು ನ್ಯಾಯವೇ ಎಂದು ಯುರೋಪಿನವರು ಕೇಳುತ್ತಲೇ ಇದ್ದಾರೆ. ನನಗೂ ಅವರ ಪ್ರಶ್ನೆಯಲ್ಲಿ ಹುರುಳಿದೆ ಎನ್ನಿಸುತ್ತದೆ. ನಮ್ಮ ಬೇಲಿ ಪವಿತ್ರ, ನೆರೆಯವನ ಬೇಲಿ ಅಡ್ಡಿ ಎನ್ನುವ ನ್ಯಾಯ ಎಲ್ಲ ಊರಲ್ಲೂ ಇದೆ.

ಫೆಡೆಕ್ಸ್ ಕಂಪನಿ ಹೀಗೆ ಹೊರದೇಶಗಳ ನಡುವೆ ಹಾರುವುದಕ್ಕೆ ತನ್ನ ಪೈಲಟುಗಳನ್ನೇ ಅಲ್ಲಿ ಇರಿಸಲು 2007ರ ಸುಮಾರಿಗೆ ಅವರ ಸಂಘದೊಡನೆ ಮಾತುಕತೆ ಮಾಡಿತು. ಪ್ಯಾರಿಸ್ ಮತ್ತು ಹಾಂಗ್‌ಕಾಂಗ್ ಎರಡು ನೆಲೆಗಳು. ಯುರೋಪಿನ ನೆಲೆ ಆಮೇಲೆ ಕೊಲೋನಿಗೆ ಹೋಯಿತು. ಆಗ ಪೈಲಟುಗಳೊಳಗೇ ಜಗಳ. ಹಾಂಗ್‌ಕಾಂಗಿನಲ್ಲಿ ಮನೆಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ, ಮಕ್ಕಳ ಶಾಲೆ ಇನ್ನೂ ದುಬಾರಿ, ಕಂಪನಿ ಕೊಡುವ ಭತ್ಯ ಸಾಲದು ಎಂದು ಒಂದು ಪಂಗಡ. ಬೇಡವೆಂದರೆ ಆ ಹಾರಾಟವನ್ನು ಅಲ್ಲಿಯದೇ ಯಾವುದಾದರೂ ಗುತ್ತಿಗೆದಾರನಿಗೆ ಕೊಟ್ಟುಬಿಟ್ಟಾರು, ಕಡಿಮೆಗಾದರೂ ಒಪ್ಪಿಕೊಂಡು ಕೆಲಸವನ್ನು ನಮ್ಮ ಪಟ್ಟಿಯಲ್ಲೇ ಉಳಿಸಿಕೊಳ್ಳೋಣ ಎಂದು ಇನ್ನೊಂದು ಪಂಗಡ. ಸಂಘದಲ್ಲಿ ಕೆಲಸ ಮಾಡಿದ ನಮಗೆ ಈ ಜಗಳ ಹೊಸದೇ? ಯಾವ ಪಂಗಡ ಸರಿ ಎಂದು ಇಲ್ಲಿ ನಿಂತು ಹೇಳುವುದು ಸುಲಭ. ನಾನು ಹೇಳುವುದಿಲ್ಲ. ಕೊರೋನಾ ಕಾಲದಲ್ಲಿ ಹಾಂಗ್‌ಕಾಂಗಿನ ಪ್ರತ್ಯೇಕವಾಸದ ನಿಯಮಗಳು ಬಿಗಿಯಾಗಿ, ಪೈಲಟುಗಳ ಸಂಸಾರಗಳಿಗೂ ಕಷ್ಟವಾಗಿ, 2021ರ ನವೆಂಬರಿನಲ್ಲಿ ಆ ನೆಲೆಯನ್ನು ಮುಚ್ಚುವುದಾಗಿ ಕಂಪನಿ ಹೇಳಿತು.

ಆ ಎರಡನೇ ಪಂಗಡದವರು ಕಾಯಲು ಹೊರಟದ್ದು ಏನೆಂದರೆ, ಕರಾರಿನ ಮೊದಲನೇ ಅಧ್ಯಾಯವನ್ನು. ಅಮೆರಿಕದ ಪೈಲಟು ಸಂಘಗಳ ಕರಾರುಗಳಲ್ಲಿ ಮೊದಲು ಬರುವುದು ಸಂಬಳವಲ್ಲ. "ಸ್ಕೋಪ್" ಎಂದು ಕರೆಯುವ ಒಂದು ಭಾಗ. ಕಂಪನಿಯ ಹೆಸರಿನಲ್ಲಿ ಹಾರುವ ಹಾರಾಟವನ್ನು ಈ ಕಂಪನಿಯ ಜ್ಯೇಷ್ಠತಾ ಪಟ್ಟಿಯಲ್ಲಿರುವ ಪೈಲಟುಗಳೇ ಹಾರಿಸಬೇಕು, ಹೊರಗಿನವರಿಗೆ ಕೊಡುವುದಾದರೆ ಇಂತಿಷ್ಟೇ, ಇಂಥ ಕಡೆ ಮಾತ್ರ, ಎಂದು ಅದರಲ್ಲಿ ಬರೆದಿರುತ್ತದೆ. ಸಂಬಳದ ಅಧ್ಯಾಯ ಎಷ್ಟೇ ಚೆನ್ನಾಗಿರಲಿ, ಕೆಲಸವೇ ಹೊರಗೆ ಹೋದ ಮೇಲೆ ಅದು ಯಾರಿಗೆ? ನಮ್ಮ ಕೂಟದಲ್ಲಿ ಮಜೂರಿ ಕರಾರು ಓದುವವರು ಮೊದಲು ಕೊನೆಯ ಪುಟದ ರೂಪಾಯಿಯನ್ನು ನೋಡುತ್ತಾರೆ. ಗುತ್ತಿಗೆಗೆ ಏನು ಕೊಡಬಹುದು, ಏನು ಕೊಡಬಾರದು ಎಂಬ ಸಾಲು ಇದೆಯೋ ಇಲ್ಲವೋ ಎಂದು ನೋಡುವವರನ್ನು ನಾನು ಕಂಡದ್ದು ಕಡಿಮೆ.

ಸ್ಕೋಪಿಗೂ ಒಂದು ಮಿತಿ ಇದೆ. ಕರಾರು ಕಟ್ಟಿಹಾಕುವುದು ಸಹಿ ಹಾಕಿದವನನ್ನು ಮಾತ್ರ. ಗುತ್ತಿಗೆದಾರನ ಪೈಲಟುಗಳು ಗುತ್ತಿಗೆದಾರನೊಡನೆ ಎಷ್ಟೇ ಗಟ್ಟಿ ಕರಾರು ಮಾಡಿಕೊಂಡರೂ ಪಾರ್ಸೆಲಿನ ಒಡೆಯ ಅದರಲ್ಲಿ ಇಲ್ಲ.

ಅದೇ ಎ.ಬಿ.ಎಕ್ಸ್. ಪೈಲಟುಗಳು ಇದನ್ನು 2016ರಲ್ಲಿ ಅನುಭವಿಸಿದರು. ಆ ವರ್ಷ ಅಮೆಜಾನ್ ಕಂಪನಿ ತನ್ನ ಹೆಸರು ಬರೆಸಿದ ವಿಮಾನಗಳನ್ನು ಹಾರಿಸಲು ಶುರುಮಾಡಿತ್ತು, ಸ್ವಂತ ವಿಮಾನ ಕಂಪನಿ ಕಟ್ಟಿ ಅಲ್ಲ, ಗುತ್ತಿಗೆಗೆ. ಎ.ಬಿ.ಎಕ್ಸ್. ಡಿ.ಎಚ್.ಎಲ್.ಗೂ ಹಾರುತ್ತಿತ್ತು, ಅಮೆಜಾನಿಗೂ ಹಾರತೊಡಗಿತು. ಪೈಲಟುಗಳು ಸಾಲದೆ, ಇದ್ದವರನ್ನು ರಜೆಯ ದಿನಗಳಲ್ಲೂ ಕೆಲಸಕ್ಕೆ ಕರೆಸುತ್ತಿದ್ದರು. ನವೆಂಬರ್ 22ರಂದು, ಅಲ್ಲಿನ ಕೃತಜ್ಞತಾ ಹಬ್ಬಕ್ಕೆ ಎರಡು ದಿನ ಇರುವಾಗ, ಅವರು ಮುಷ್ಕರ ಹೂಡಿದರು. ವಿಮಾನ ನೌಕರರ ಮುಷ್ಕರಕ್ಕೆ ಅಲ್ಲಿ 1926ರ ರೈಲ್ವೆ ಕಾರ್ಮಿಕ ಕಾಯಿದೆಯ ಕಡಿವಾಣವಿದೆ. ಮರುದಿನವೇ ಫೆಡರಲ್ ನ್ಯಾಯಾಲಯ ಮುಷ್ಕರ ನಿಲ್ಲಿಸಿ ಕೆಲಸಕ್ಕೆ ಹೋಗಲು ಆಜ್ಞೆ ಮಾಡಿತು. ಪಾರ್ಸೆಲಿನ ಇಬ್ಬರು ಒಡೆಯರೂ ಆ ಕರಾರಿಗೆ ಕಕ್ಷಿದಾರರೇ ಅಲ್ಲ.

ರಜೆ, ವಿಶ್ರಾಂತಿ ಎಂದರೆ ಸುಖಕ್ಕಾಗಿ ಕೇಳುವುದಲ್ಲ. ಪೈಲಟುಗಳು ಎಷ್ಟು ತಾಸು ಹಾರಬಹುದು, ಎಷ್ಟು ನಿದ್ರೆ ಸಿಗಬೇಕು ಎಂದು ಅಮೆರಿಕ ಸರಕಾರ 2011ರ ಡಿಸೆಂಬರಿನಲ್ಲಿ ಹೊಸ ನಿಯಮ ಮಾಡಿತು. ಅದು 2014ರಲ್ಲಿ ಜಾರಿಗೆ ಬಂತು. ಆದರೆ ಖರ್ಚು ಹೆಚ್ಚೆಂಬ ಕಾರಣಕ್ಕೆ ಸರಕು ವಿಮಾನಗಳನ್ನು ಅದರಿಂದ ಹೊರಗಿಟ್ಟರು. ರಾತ್ರಿಯಿಡೀ ಹಾರುವವರು ಅವರೇ! ಈ ನಡುವೆ 2013ರ ಆಗಸ್ಟ್ 14ರಂದು ಬೆಳಕು ಹರಿಯುವ ಮೊದಲು ಯು.ಪಿ.ಎಸ್.ನ ಒಂದು ಏರ್‌ಬಸ್ ವಿಮಾನ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮಿನಲ್ಲಿ ಇಳಿಯುವಾಗ ಗುಡ್ಡಕ್ಕೆ ಬಡಿದು ಇಬ್ಬರು ಪೈಲಟುಗಳೂ ಸತ್ತರು. ಅದು ಹೊರಗುತ್ತಿಗೆಯ ವಿಮಾನವಲ್ಲ, ಕಂಪನಿಯದೇ. ತನಿಖೆಯವರು ಹಲವು ತಪ್ಪುಗಳನ್ನು ಎತ್ತಿ ತೋರಿಸಿದರು, ಆಯಾಸವೂ ಅವುಗಳಲ್ಲಿ ಒಂದು. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಸಿಕ್ಕಿದ ಸಂಭಾಷಣೆಯಲ್ಲಿ, ಜನರನ್ನು ಒಯ್ಯುವವರಿಗೆ ಒಂದು ನಿಯಮ, ಸರಕು ಒಯ್ಯುವವರಿಗೆ ಬೇರೆ ನಿಯಮ ಯಾಕೆ ಎಂದು ಆ ಇಬ್ಬರೂ ಅದೇ ರಾತ್ರಿ ಮಾತಾಡಿಕೊಂಡದ್ದು ಉಳಿದಿತ್ತು.

ವಿಲ್ಮಿಂಗ್‌ಟನ್ ಊರಿನ ಉಳಿದ ಕತೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಹೊರಗೆ ಚಾ ಕುಡಿಯುವಾಗ ಕೇಳುತ್ತೀರಿ. ಅಮೆಜಾನ್ ತನ್ನ ಪಾರ್ಸೆಲ್ ಹಾರಾಟದ ಮೊದಲ ಪರೀಕ್ಷೆಯನ್ನು 2015ರಲ್ಲಿ ಆ ನಿಲ್ದಾಣದಿಂದಲೇ ಮಾಡಿತು. ಊರಿನವರು ಆಸೆಪಟ್ಟರು. 2017ರ ಆರಂಭದಲ್ಲಿ ಅಮೆಜಾನ್ ತನ್ನ ದೊಡ್ಡ ಕೇಂದ್ರವನ್ನು ಸಿನ್ಸಿನಾಟಿಯ ಕಡೆ ಕಟ್ಟುವುದಾಗಿ ಹೇಳಿತು. 2019ರಲ್ಲಿ ವಿಲ್ಮಿಂಗ್‌ಟನ್ನಿಗೂ ಸ್ವಲ್ಪ ಹಾರಾಟ ವಾಪಸು ಬಂತು. ರಾತ್ರಿಪಾಳಿ ಮತ್ತೆ ಶುರುವಾಯಿತು, ಹಿಂದಿನಷ್ಟು ಜನ ಇಲ್ಲ. ಅಲ್ಲಿ ಬಂದು ನಿಂತ ವಿಮಾನಗಳ ಬಣ್ಣ ಈ ಸಲ ಬಿಳಿ ಮತ್ತು ನೀಲಿ, ಬಾಲದಲ್ಲಿ ಅಮೆಜಾನಿನ ಗುರುತು.

ಅಕ್ಕನ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೇಳಿದೆ. ಎಲ್ಲ ಕೇಳಿ, "ಹಾಗಾದರೆ ಮಾವ, ನಾನು ಯಾರ ಆಳು?" ಎಂದ. ಅವನ ಅಂಗಿಯ ಮೇಲೆ ಒಂದು ಕಂಪನಿಯ ಹೆಸರಿದೆ. ವೀಸಾ ಇನ್ನೊಬ್ಬನ ಹೆಸರಿನಲ್ಲಿ, ಸಂಬಳ ಬರುವುದು ಮೂರನೆಯವನಿಂದ. ಮುಂದಿನ ಸಲ ಬರುವಾಗ ಕರಾರಿನ ಕಾಗದ ತೆಗೆದುಕೊಂಡು ಬಾ, ಕೂತು ಓದೋಣ ಎಂದಿದ್ದೇನೆ. ಇಲ್ಲಿ ಯಾರ ಮನೆಯಲ್ಲಿ ಗಲ್ಫಿಗೆ ಹೋದ ಮಕ್ಕಳಿದ್ದಾರೋ ಅವರೂ ಕಾಗದ ತನ್ನಿ. ಆದಿತ್ಯವಾರ ಸಂಜೆ ನಾಲ್ಕರ ಮೇಲೆ ನಾನು ಇಲ್ಲೇ ಇರುತ್ತೇನೆ.